ಮೇಷ್ಟ್ರ ಸೂಟಿಗೊಂದು ಟೈ

ತಿಪಟೂರಿನ ಸದಾಶಿವಯ್ಯನವರ ಜವಳಿ ಅಂಗಡಿಯಲ್ಲಿ ಹೆಂಗಸರ ವ್ಯಾಪಾರ ಒಂದೇ ಗಂಟೆಯಲ್ಲಿ ಮುಗಿದುಹೋಗಿತ್ತು. ಧಾರೆ ಸೀರೆ, ಬೀಗಿತ್ತಿಯ ಸೀರೆ, ಸೋದರತ್ತೆಯ ಸೀರೆ ಎಲ್ಲ ಆಯ್ದು, ಗಂಟು ಕಟ್ಟಿಸಿ, ಅವರು ಗೋಡೆಗೊರಗಿ ಕಾಲು ಚಾಚಿದ್ದರು. ಗಂಡಿನ ಒಂದು ಸೂಟು, ಅದಕ್ಕೊಂದು ಟೈ, ಇಷ್ಟು ಮಾತ್ರ ಮೂರು ಗಂಟೆಯಿಂದ ಚೊಚ್ಚಲ ಹೆರಿಗೆಯ ಹಾಗೆ ತಿಣುಕುತ್ತಿತ್ತು.

ಅದು ಎಪ್ಪತ್ತೆಂಟನೇ ಇಸವಿ. ಸೂಟಿಲ್ಲದ ಗಂಡು ಗಂಡೇ ಅಲ್ಲ ಅನ್ನುವ ಕಾಲ. ಏಪ್ರಿಲ್ ಬಿಸಿಲಲ್ಲಿ ಟೆರಿವುಲ್ ಸೂಟು ತೊಟ್ಟು ಚಪ್ಪರದ ಕೆಳಗೆ ಬೆಂದವನೇ ಅಳಿಯ. ದುಡ್ಡು ಹೆಣ್ಣಿನ ಕಡೆಯದು, ಆಯ್ಕೆ ಗಂಡಿನದು. ಜವಳಿ ತೆಗೆಯುವ ದಿನ ಒಬ್ಬರು ಆರಿಸಿದ್ದನ್ನು ಇನ್ನೊಬ್ಬರು ಹೀಗಳೆಯುವ ಹಾಗಿಲ್ಲ. ಹಿರಿಯರು ಬಟ್ಟೆಯ ಮೂಲೆಗೆ ಅರಿಶಿನದ ಬೊಟ್ಟಿಟ್ಟರೆ ಮುಗಿಯಿತು, ವಾಪಸ್ಸಿಲ್ಲ.

ಗಂಡು ಬೆಟ್ಟಸ್ವಾಮಿ ಹುಳಿಯಾರು ಕಡೆಯ ಹೈಸ್ಕೂಲೊಂದರಲ್ಲಿ ಲೆಕ್ಕದ ಮೇಷ್ಟ್ರು. ಅವನಿಗೆ ಕೆಂಪೂ ಹಸಿರೂ ಒಂದೇ. ಎರಡೂ ಕೆಸರು ನೀರಿನ ಹಾಗೆ ಕಾಣುತ್ತಿದ್ದವು. ಒಂದು ಸಲ ಕೆಂಪು ಅಂದುಕೊಂಡು ಹಸಿರು ಇಂಕಿನಲ್ಲಿ ಇಡೀ ತರಗತಿಯ ಪೇಪರ್ ತಿದ್ದಿಬಿಟ್ಟಿದ್ದ. ಹೆಡ್‌ಮಾಸ್ಟರು ಕರೆದು, "ಏನ್ರೀ, ಹಸಿರು ಇಂಕಲ್ಲಿ ಬರೆಯೋಕೆ ಯಾವಾಗ್ರೀ ಗೆಜೆಟೆಡ್ ಆಫೀಸರ್ ಆದ್ರಿ? ನಮಗೆ ಸ್ವೀಟೇ ಕೊಡ್ಲಿಲ್ಲ!" ಅಂದಿದ್ದರು. ನಿಜ ಗೊತ್ತಿದ್ದದ್ದು ತಾಯಿ ವಿಮಲಮ್ಮನಿಗೆ ಮಾತ್ರ. ಬೆಳಿಗ್ಗೆ ಬಸ್ಸಿನಲ್ಲಿ ಆಕೆ ಕಿವಿಯಲ್ಲಿ ಊದಿದ್ದಳು: "ಕಣ್ಣಲ್ಲಿ ಐಬು ಅಂತ ಗೊತ್ತಾದ್ರೆ ನೆಂಟಸ್ತನ ಮುರ್ಕಂಡು ಹೋಯ್ತಾರೆ ಕಣಪ್ಪ. ಬೇರೆಯೋರು ಏನಂತಾರೋ ಅದ್ಕೆ ಹೂಂ ಅಂದ್ಬುಡು."

ಬೆಟ್ಟಸ್ವಾಮಿ ಇಷ್ಟು ವರ್ಷ ಬದುಕಿದ್ದೇ ಹಾಗೆ. ಆದರೆ ಹೆಣ್ಣಿನ ತಂದೆ, ಕೊಬ್ಬರಿ ವ್ಯಾಪಾರಿ ಮರುಳಸಿದ್ದಯ್ಯ, ಮರ್ಯಾದೆಯ ಭರದಲ್ಲಿ ಅವನ ಬುಡಕ್ಕೇ ಕೊಡಲಿ ಹಾಕಿದರು.

"ಯಾರೂ ಬಾಯಿ ಬುಡಬ್ಯಾಡ್ರಿ. ಓದಿದೋರು, ಮೇಷ್ಟ್ರೇ ಆರಿಸ್ಲಿ."

ಬೆಟ್ಟಸ್ವಾಮಿ ಥಾನುಗಳನ್ನು ಮುಟ್ಟಿದ, ಮೂಸಿದ, ಬೆಳಕಿಗೆ ಹಿಡಿದ. ಮೂರು ಗಂಟೆ ಹೀಗೇ ಕಳೆದು, ಬೆವರು ಅಂಗಿಯ ಬೆನ್ನಿಗೆ ಬಂದಾಗ ಕಾಫಿ ಬಣ್ಣದ್ದು ಅನ್ನಿಸಿದ ಒಂದು ಪೀಸಿನ ಮೇಲೆ ಕೈಯಿಟ್ಟ. ಸದಾಶಿವಯ್ಯನವರು ಬೆಂಗಳೂರಿಂದ ತರಿಸಿದ್ದ ಹನ್ನೆರಡು ಟೈಗಳಲ್ಲಿ ಅದಕ್ಕೆ ಒಪ್ಪುತ್ತದೆ ಅನ್ನಿಸಿದ್ದನ್ನು ಎತ್ತಿಕೊಂಡ.

"ಭಾರಿ... ಭಾರಿ ಹೊಸಾ ಫ್ಯಾಷನ್ನು ಸಾರ್," ಅಂದರು ಸದಾಶಿವಯ್ಯ. ಆ ಟೈ ಎರಡು ವರ್ಷದಿಂದ ಖರ್ಚಾಗದೆ ಬಿದ್ದಿತ್ತು.

"ಹೂಂ... ಎಳೇ ಗರಿ ಬಣ್ಣ. ನಮ್ಮ ತೋಟ ನೋಡ್ದಂಗೆ ಆಯ್ತದೆ," ಅಂದರು ಮರುಳಸಿದ್ದಯ್ಯ. ಕಪ್ಪುಗಟ್ಟಿದ ಕೊಬ್ಬರಿಯನ್ನು ಮಾರ್ಕೆಟ್ಟಿನಲ್ಲಿ ಹೊಗಳುವ ದನಿ ಅದು.

ಹೆಣ್ಣಿನ ಸೋದರತ್ತೆ ಸಿದ್ದಗಂಗಮ್ಮನಿಗೆ ಮಾತ್ರ ತಡೆಯಲಾಗಲಿಲ್ಲ. ಸೆರಗು ಬಾಯಿಗಿಟ್ಟುಕೊಂಡು ಪಕ್ಕದವಳಿಗೆ, "ಎಲೆ ಅಡಿಕೆ ಜಗಿಯೋನ ಬಾಯಿಂದ ವೀಳ್ಯದೆಲೆ ಜೋತುಬಿದ್ದಂಗೈತಲ್ಲೇ!" ಅಂದಳು. ಆಮೇಲೆ ರಿವಾಜು ನೆನಪಾಗಿ, ಅರಿಶಿನದ ಬಟ್ಟಲು ಹುಡುಕಲು ಎದ್ದಳು.

ಅಷ್ಟರಲ್ಲಿ ಟೈ ಕಟ್ಟಿ ನೋಡಿ ಅಂತ ಬೆಟ್ಟಸ್ವಾಮಿಯನ್ನು ಒಳಗಿನ ನಿಲುವುಗನ್ನಡಿಗೆ ಕಳಿಸಿದ್ದರು. ಕುತ್ತಿಗೆಗೆ ಅದು ಹೇಗೆ ಸುತ್ತಿದರೂ ಹಸು ಕಟ್ಟುವ ಗಂಟೇ ಬೀಳುತ್ತಿತ್ತು. ಕನ್ನಡಿಯಲ್ಲಿ ಇನ್ನೊಂದು ಮುಖ ಕಾಣಿಸಿತು. ಮದುವೆ ಹೆಣ್ಣು ಸುವರ್ಣ. ನೊಣವಿನಕೆರೆಯಲ್ಲಿ ಪ್ರೈಮರಿ ಸ್ಕೂಲ್ ಟೀಚರು, ಮಕ್ಕಳ ಸುಳ್ಳು ಹಿಡಿಯುವುದರಲ್ಲಿ ಪಳಗಿದ ಕೈ.

"ಮೇಷ್ಟ್ರೇ, ಅದು ಯಾವ ಬಣ್ಣ?"

"ಅದೇ... ಸೂಟಿನ ಬಣ್ಣಕ್ಕೆ ಹತ್ರದ್ದು."

"ಹತ್ರದ್ದಾ? ಸೂಟು ಬೀಟ್‌ರೂಟು. ಟೈ ಗಿಳಿ ಹಸಿರು ಕಣ್ರೀ."

ಬೆಟ್ಟಸ್ವಾಮಿಯ ಕೈ ಗಂಟಿನ ಮೇಲೇ ನಿಂತಿತು. ಇನ್ನೊಂದು ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಇವಳ ಜೊತೆ ದಿನಾ ಬೆಳಿಗ್ಗೆ ಏಳಬೇಕು, ದಿನಾ ಒಂದೊಂದು ಸುಳ್ಳು ಎಲ್ಲಿಂದ ತರುವುದು?

"ನನಗೆ ಕೆಂಪು, ಹಸಿರು ಗೊತ್ತಾಗಲ್ಲ. ಹುಟ್ಟಿದಾಗಿಂದ."

ಅವಳು ನಗುತ್ತಾಳೆ ಅಂದುಕೊಂಡಿದ್ದ. ನಗಲಿಲ್ಲ. ಮುಖ ಚಿಕ್ಕದಾಯಿತು.

"ನನ್ನನ್ನು ನೋಡೋಕೆ ಮೂರು ಗಂಡು ಬಂದಿದ್ರು," ಅಂದಳು. "ಉಪ್ಪಿಟ್ಟು ತಿಂದು, ಹುಡುಗಿ ಬಣ್ಣ ಸ್ವಲ್ಪ ಕಮ್ಮಿ ಅಂತ ಹೇಳಿ ಕಳಿಸಿದ್ರು. ನೀವೊಬ್ರೇ ಅಲ್ಲೇ ಕೂತ್ಕಂಡು ಒಪ್ಪಿದ್ದು. ಹಂಗಾದ್ರೆ... ಬಣ್ಣ ಕಾಣ್ದೆ ಒಪ್ಪಿದ್ರಾ?"

ಬೆಟ್ಟಸ್ವಾಮಿ ತಿರುಗಿ ನಿಂತ.

"ಕೆಂಪು ಹಸಿರು ಮಾತ್ರ ಗೊತ್ತಾಗಲ್ಲ ಕಣ್ರೀ. ಕಪ್ಪು ಬಿಳುಪು ಚೆನ್ನಾಗೇ ಗೊತ್ತಾಗ್ತದೆ. ನೀವು ಕಪ್ಪಗಿದ್ದೀರಿ. ನೋಡೇ ಒಪ್ಪಿದ್ದು."

ಸುವರ್ಣ ಒಂದು ಗಳಿಗೆ ಅವನನ್ನೇ ನೋಡಿದಳು. ಆಮೇಲೆ ನಗು ಬಂದೇಬಿಟ್ಟಿತು, ಹೊರಗಿನವರಿಗೆ ಕೇಳಿಸದಂತೆ ಬಾಯಿ ಮುಚ್ಚಿಕೊಳ್ಳಬೇಕಾಯಿತು.

"ಅತ್ತೆ ಅರಿಶಿನ ತಗಂಡು ಕೂತವ್ರೆ. ಯಾರು ಹೇಳೋರು?"

"ನಾನೇ ಹೇಳ್ತೀನಿ."

ಕುತ್ತಿಗೆಯಲ್ಲಿ ಗಿಳಿ ಹಸಿರಿನ ಹಸುವಿನ ಗಂಟು ಹಾಗೇ ಇತ್ತು. ಬೆಟ್ಟಸ್ವಾಮಿ ಹೊರಗೆ ಬಂದು, ತರಗತಿಯ ಮುಂದೆ ನಿಂತಂತೆ ಕೈಕಟ್ಟಿ ಹೇಳಿದ. ಕೆಂಪು, ಹಸಿರು, ಹುಟ್ಟಿದಾಗಿಂದ, ಎಲ್ಲಾ. ವಿಮಲಮ್ಮ ಕಣ್ಣು ಮುಚ್ಚಿಕೊಂಡು ಶಿವನನ್ನು ನೆನೆದಳು. ಸಿದ್ದಗಂಗಮ್ಮನ ಬೆರಳು ಬಟ್ಟೆಗೆ ಒಂದಂಗುಲ ಮೇಲೆ ನಿಂತಿತು.

ಮರುಳಸಿದ್ದಯ್ಯನವರು ಹೆಗಲ ವಲ್ಲಿ ತೆಗೆದು ಮುಖವೆಲ್ಲ ಒರೆಸಿಕೊಂಡರು.

"ಕಣ್ಣಿನ ಐಬು ಅಷ್ಟೇನಾ?"

"ಅಷ್ಟೇ ಮಾವ."

"ಅಯ್ಯೋ ನನ್ನಪ್ಪ! ನಾನು ತಲೆ ಐಬು ಅಂತ ತಿಳ್ಕಂಡಿದ್ನಲ್ಲಪ್ಪಾ! ಕಣ್ಣು ನೆಟ್ಟಗಿದ್ದೂ ಇದನ್ನ ಆರಿಸಿದ್ರೆ ಇಂಥೋನಿಗೆ ಹೆಂಗಪ್ಪಾ ಮಗಳನ್ನ ಕೊಡೋದು ಅಂತ ಆವಾಗಿಂದ ಎದೆ ಡವಡವ ಅಂತಿತ್ತು. ಲಗ್ನಪತ್ರಿಕೆ ಬೇರೆ ಅಚ್ಚಿಗೆ ಹೋಗೈತೆ!"

ಅಂಗಡಿಯೇ ಗೊಳ್ಳೆಂದಿತು. ಸಿದ್ದಗಂಗಮ್ಮ, "ನಾನು ಆಗ್ಲೇ ಅಂದೆ!" ಅಂದಳು. ಆಗಲೇ ಏನಂದಿದ್ದಳು ಅಂತ ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ಸದಾಶಿವಯ್ಯನವರು ಮಾತ್ರ ಪೆಚ್ಚುಮುಖದಲ್ಲಿ ಟೈ ಬಿಚ್ಚಿಕೊಂಡು ಡಬ್ಬಕ್ಕೆ ಹಾಕಿದರು.

ಆಮೇಲೆ ಮೇಷ್ಟ್ರಿಗೆ ಶುರುವಾಯಿತು ಪರೀಕ್ಷೆ. ಒಬ್ಬರು ಸೀರೆ ಎತ್ತಿ, "ಇದು ಯಾವ ಬಣ್ಣ ಹೇಳಪ್ಪ?" ಅಂದರೆ, ಇನ್ನೊಬ್ಬರು ಕುಪ್ಪಸದ ಖಣ ಹಿಡಿದು, "ಹಂಗಾದ್ರೆ ಇದು?" ಅನ್ನುವರು. ತಪ್ಪು ಹೇಳಿದಷ್ಟೂ ಬೀಗರಿಗೆ ಖುಷಿ.

ಅವನು ಹೀಗೆ ಫೇಲಾಗುತ್ತಾ ಕೂತಿದ್ದಾಗ ಸುವರ್ಣ ಹಿಂದಿನಿಂದ ಬಗ್ಗಿ, "ನಿಮ್ಗೆ ಸರಿಯಾಗಿ ಕಾಣೋದು ಯಾವ್ದು?" ಅಂದಳು.

"ನೀಲಿ."

ಅವಳು ಕಡುನೀಲಿಯ ಸೂಟಿನ ಪೀಸು, ತಿಳಿನೀಲಿಯ ಟೈ ಎತ್ತಿ ಸೋದರತ್ತೆಯ ಮುಂದಿಟ್ಟಳು. ಆಮೇಲೆ ತನ್ನ ಸೀರೆಗಳ ಗಂಟು ಬಿಚ್ಚಿ, ಆರತಕ್ಷತೆಗೆಂದು ತೆಗೆದ, ಇನ್ನೂ ಅರಿಶಿನ ತಾಗದ ಹಸಿರು ಸೀರೆಯನ್ನು ಸದಾಶಿವಯ್ಯನವರ ಕಡೆ ಸರಿಸಿದಳು.

"ಇದನ್ನ ತಗಳಿ. ನೀಲಿ ಸೀರೆಗಳನ್ನ ತೋರ್ಸಿ. ಎಲ್ಲಾನೂ."