ಗೋಣಿಚೀಲದಲ್ಲಿ ಕಲಿತದ್ದು

ಉಣ್ಣೆ ಶೆಡ್ಡಿನಲ್ಲಿ ಕುರಿ ಸಾಕಣೆಯ ತರಬೇತಿ. ಮನೆಗೊಬ್ಬರು ಬಂದರಷ್ಟೇ ಕುರಿಗಳಿಗೆ ಜಂತಿನ ಔಷಧಿ ಎಂದಿದ್ದರು. ಮೋಹಾಪಿ ತನ್ನ ಬದಲು ಸತ್ತ ಅಣ್ಣನ ಹೆಂಡತಿ ಮಾಪುಲೆಂಗ್‌ಳನ್ನು ಕಳಿಸಿದ.

"ಹೋಗು ಅತ್ಗೆ, ಸುಮ್ನೆ ಕೂತ್ಕೊಂಡು ಬಾ. ಮಾಂಸದೂಟ ಬೇರೆ ಹಾಕ್ತಾರಂತೆ."

ಅವಳು ಸುಮ್ಮನೆ ಕೂತು ಬರಲಿಲ್ಲ. ಸತ್ತ ಮರಿಯೊಂದನ್ನು ಗೋಣಿಚೀಲದಲ್ಲಿಟ್ಟು, ಕಣ್ಣಿಗೆ ಬಟ್ಟೆ ಕಟ್ಟಿ, ಕಾಲೆಲ್ಲಿ ತಲೆಯೆಲ್ಲಿ ಹೇಳಿ ಎಂದಾಗ, ಕೈಹಾಕಿ ಸರಿಯಾಗಿ ಹೇಳಿದವಳು ಅವಳೇ.

ಆದರೆ ಮಾಲುಟಿ ಬೆಟ್ಟದ ಆ ಊರಲ್ಲಿ ಕುರಿರೊಪ್ಪಕ್ಕೆ ಹೆಂಗಸು ಕಾಲಿಡುವಂತಿಲ್ಲ. ಇಟ್ಟರೆ ಗಬ್ಬದ ಕುರಿಗಳು ದಿನ ತುಂಬುವ ಮೊದಲೇ ಕಂದು ಹಾಕುತ್ತವೆ ಎಂಬ ನಂಬಿಕೆ. ತರಬೇತಿಯಾದ ಮೇಲೆ ಒಂದು ಬೆಳಿಗ್ಗೆ ಅವಳು ಕಲ್ಲುಗೋಡೆಯ ಹೊರಗೆ ಕಂಬಳಿ ಹೊದ್ದು ನಿಂತಿದ್ದಳು. ಒಳಗೆ ಈಯಲಾರದೆ ಬಿದ್ದಿದ್ದ ಕುರಿ, ಸತ್ತ ಗಂಡ ಅವಳಿಗೆ ಬಿಟ್ಟುಹೋದ ಕುರಿಗಳಲ್ಲಿ ಉಳಿದ ಕೊನೆಯದು. ಹೊರಬಂದಿದ್ದ ಮರಿಯ ಕಾಲುಗಳಿಗೆ ಮೋಹಾಪಿ ಹಗ್ಗ ಬಿಗಿದು, ಕುರಿಯ ತೊಡೆಗೆ ಬೂಟುಗಾಲು ಊರಿ ಎಳೆಯುತ್ತಿದ್ದ. ಪ್ರತಿ ಎಳೆತಕ್ಕೂ ಅದು ಅರಚುತ್ತಿತ್ತು.

"ಎಳೀಬೇಡ! ತಲೆ ಹಿಂದಕ್ಕೆ ತಿರುಗಿದೆ ಕಣೋ. ಕಾಲು ಒಳಕ್ಕೆ ತಳ್ಳು ಮೊದ್ಲು!"

"ಓಹೋ, ಮೇಷ್ಟ್ರಮ್ಮ ಬಂದ್ಲು. ಹೋಗಿ ಗಂಜಿ ಕಾಯ್ಸು."

ಮತ್ತೆ ಎಳೆದ. ರಕ್ತ ಚಿಮ್ಮಿ ಅವನ ಮೊಣಕಾಲು ತೊಯ್ದಿತು. ಮಾಪುಲೆಂಗ್ ಗೋಡೆ ಹತ್ತಿ ಒಳಕ್ಕೆ ಹಾರಿದಳು.

ಮೋಹಾಪಿ ಹಗ್ಗ ಬಿಟ್ಟು ಬಡಿಗೆ ಎತ್ತಿಕೊಂಡ. ಮೊದಲ ಏಟು ಅವಳ ಬಲ ಮಣಿಕಟ್ಟಿಗೆ ಬಿತ್ತು, ಒಳಗೇನೋ ಲಟಕ್ಕೆಂದಿತು. ಇನ್ನೊಂದು ಭುಜಕ್ಕೆ. "ಹೊರಗ್ ಹೋಗೇ! ನನ್ನ ಕುರಿಗಳ್ನೆಲ್ಲ ಹಾಳು ಮಾಡ್ತೀಯಾ?" ಎನ್ನುತ್ತ ಮತ್ತೆ ಬೀಸುವಷ್ಟರಲ್ಲಿ ಅವಳ ಎಡಗೈಗೆ ಗೋಡೆಯ ಕಲ್ಲು ಸಿಕ್ಕಿತು. ಅವನ ಬಾಯಿಗೇ ಬಡಿದಳು. ಅವನು ಹಿಕ್ಕೆಯ ಮೇಲೆ ಕುಕ್ಕರಿಸಿ ಕೂತ. ಹಲ್ಲೊಂದು ಅಂಗೈಗೆ ಬಂತು.

ಅವಳು ಅವನತ್ತ ನೋಡಲಿಲ್ಲ. ಕುರಿಯ ಹಿಂದೆ ಮಂಡಿಯೂರಿ ಹಗ್ಗ ಬಿಚ್ಚಿದಳು. ಬಲಗೈ ಜೋತುಬಿದ್ದಿತ್ತು. ಪಕ್ಕದಲ್ಲಿದ್ದ ಕೊಬ್ಬಿನ ಡಬ್ಬಿಗೆ ಎಡಗೈ ಅದ್ದಿಕೊಂಡು, ಕುರಿ ತಿಣುಕುವುದು ನಿಂತ ಗಳಿಗೆ ನೋಡಿ ಕಾಲುಗಳನ್ನು ಒಳಕ್ಕೆ ತಳ್ಳಿದಳು. ಬೆರಳು ತಡಕಾಡಿ, ಪಕ್ಕೆಗೆ ಮಡಚಿಕೊಂಡಿದ್ದ ತಲೆಯನ್ನು ಮುಟ್ಟಿತು. ದವಡೆ ಹಿಡಿದು ತಿರುಗಿಸಿದಳು. ಕಣ್ಣು ಕತ್ತಲೆ ಬಂದರೂ ಬಿಡಲಿಲ್ಲ.

ಮರಿ ಜಾರಿ ಹೊರಬಿತ್ತು. ಒಂದು ಕಾಲು ಭುಜದಿಂದ ಕಿತ್ತು ಚರ್ಮದಲ್ಲಷ್ಟೇ ನೇತಾಡುತ್ತಿತ್ತು. ಉಸಿರಿರಲಿಲ್ಲ. ತಾಯಿಕುರಿ ಕತ್ತೆತ್ತಿ, ತೂರಾಡಿಕೊಂಡು ಎದ್ದು ನಿಂತು, ಮರಿಯನ್ನು ನೆಕ್ಕತೊಡಗಿತು.

"ಊರ ಯಜಮಾನ್ರಿಗೆ ಹೇಳ್ತೀನಿ," ಮೋಹಾಪಿ ರಕ್ತ ಉಗುಳಿದ. "ನಾಳೆ ಒಂದೇ ಒಂದು ಕುರಿ ಕಂದು ಹಾಕ್ಲಿ, ನಿನ್ನ ಚರ್ಮ ಸುಲೀತೀನಿ."

"ಹೇಳು." ಅವಳು ಮುರಿದ ಕೈಯನ್ನು ಕಂಬಳಿಯಲ್ಲಿ ಸುತ್ತಿಕೊಂಡಳು. "ಕಂದು ಹಾಕಿದ್ರೆ ನನ್ನೇ ಕರಿ. ನೀನು ಮಾತ್ರ ಹಗ್ಗ ಮುಟ್ಬೇಡ."