ಬಾಲದ ಸುತ್ತುಗಳು

ಟೈಲರಕ್ಕ ಏದುಸಿರು ಬಿಡುತ್ತ ಬೆಟ್ಟದ ಮೇಲಿನ ಅಭಯಾರಣ್ಯಕ್ಕೆ ಹತ್ತಿ ಬಂದದ್ದು ತಮ್ಮನನ್ನು ಮನೆಗೆ ಕರೆದೊಯ್ಯಲು. ತಮ್ಮ ಅಲ್ಲಿನ ಕಾವಲುಗಾರ. ಆರು ವರ್ಷದಿಂದ ಕಲ್ಲಿನ ಕೋಣೆಯೊಂದರಲ್ಲಿ ಒಬ್ಬನೇ ಇದ್ದ. ಬೆಟ್ಟದಲ್ಲಿ ಉಳಿದಿರುವುದು ಒಂದೇ ಒಂದು ಚಿರತೆ, ಜೋಡಿಯಿದ್ದರೆ ಮಾತು ಬೇರೆ, ಒಂಟಿ ಪ್ರಾಣಿಗೆ ಕಾವಲು ಬೇಡ ಎಂದು ಅರಣ್ಯ ಕಚೇರಿ ತೀರ್ಮಾನಿಸಿತ್ತು. ನಾಳೆ ಬಾಗಿಲಿಗೆ ಬೀಗ. ತಮ್ಮನ ಮುಖ ಬಾಡಿತ್ತು. ಅಕ್ಕನಿಗೆ ಮಾತ್ರ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷ.

ಅವನ ಬಟ್ಟೆಬರೆಯ ಗಂಟು ತಾನೇ ಕಟ್ಟಿ ಮುಗಿಸಿ, ಚಹಾ ಹಿಡಿದು ಗೋಡೆಯ ಫೋಟೋಗಳ ಮುಂದೆ ನಿಂತಳು. ಕಂಡದ್ದನ್ನೆಲ್ಲ ಕೆದಕುವುದು ಅವಳಿಗೆ ಹುಟ್ಟುಗುಣ. ಕಾಲುದಾರಿಯ ಬಂಡೆಗೆ ಬಿಗಿದ ಕ್ಯಾಮೆರಾ ತಾನಾಗಿ ತೆಗೆದ ಚಿತ್ರಗಳವು. ಒಂದು ಸಾಲಿನಲ್ಲಿ ಚಿರತೆ ಬೆಟ್ಟ ಹತ್ತುತ್ತಿತ್ತು, ಎಡಮೈ ಕಾಣುತ್ತಿತ್ತು. ಇನ್ನೊಂದರಲ್ಲಿ ಇಳಿಯುತ್ತಿತ್ತು, ಬಲಮೈ. ಎರಡು ಮಗ್ಗುಲಿನ ಚುಕ್ಕೆಗಳು ಒಂದೇ ಥರ ಇರುವುದಿಲ್ಲ, ಆದರೂ ಹತ್ತಿದ ಚಿರತೆಯೇ ಇಳಿಯುವುದು ಎಂದು ತಮ್ಮ ವಿವರಿಸಿದ.

ಅಕ್ಕ ಕನ್ನಡಕ ಏರಿಸಿದಳು. ಅಂಗಿಯ ಎಡಭಾಗ ಬಲಭಾಗ ಬೇರೆಯಾಗಿರಲಿ, ಒಪ್ಪೋಣ. ಆದರೆ ತೋಳನ್ನು ಸುತ್ತಿ ಬರುವ ಪಟ್ಟೆಯನ್ನು ಯಾವ ಕಡೆಯಿಂದ ಎಣಿಸಿದರೂ ಅಷ್ಟೇ ಇರಬೇಕಲ್ಲ? ಹತ್ತುವ ಬಾಲದ ತುದಿಯಲ್ಲಿ ಐದು ಕಪ್ಪು ಸುತ್ತು. ಇಳಿಯುವ ಬಾಲದಲ್ಲಿ ನಾಲ್ಕೇ. ಗೋಡೆಯುದ್ದಕ್ಕೂ ಎಣಿಸಿದಳು. ಎಲ್ಲದರಲ್ಲೂ ಅದೇ.

ಜೋಡಿ ಎಂದಾದರೆ ಕಾವಲು ಬೇಕು. ಬಾಯಿ ಬಿಟ್ಟರೆ ತಮ್ಮ ಇಲ್ಲೇ ಉಳಿಯುತ್ತಾನೆ. ಅವನ ಕೋಣೆಗೆಂದು ಅವಳು ಹೊಸ ಪರದೆ ಹೊಲಿದಿಟ್ಟು ಬಂದಿದ್ದಳು. ಸುಮ್ಮನಿದ್ದರೆ ಯಾರಿಗೆ ಗೊತ್ತಾಗುತ್ತದೆ? ಕೈಯಲ್ಲಿದ್ದ ಚಹಾ ಆರಿ ತಣ್ಣಗಾಯಿತು. ಆದರೆ ಹೊಂದದ ಪಟ್ಟೆಯನ್ನು ಹೊಂದಿದೆ ಎಂದು ಗಿರಾಕಿಗೆ ದಾಟಿಸಿದ ಅಭ್ಯಾಸ ಅವಳಿಗಿರಲಿಲ್ಲ.

“ಲೋ, ಇಲ್ಲಿ ಬಾ. ಹತ್ತೋದೇ ಒಂದು, ಇಳಿಯೋದೇ ಇನ್ನೊಂದು ಕಣೋ. ಬಾಲ ಎಣಿಸಿ ನೋಡು.”

ತಮ್ಮ ಬೆರಳಿಟ್ಟು ಎಣಿಸಿದ. ಮತ್ತೊಮ್ಮೆ ಎಣಿಸಿದ. ಆರು ವರ್ಷ ಆ ಚಿರತೆಯನ್ನು ಒಂಟಿ ಎಂದು ಮರುಗಿದವನು ಬಾಗಿಲಾಚೆಯ ಬೆಟ್ಟದತ್ತ ತಿರುಗಿದ.

“ಹಾಗಾದ್ರೆ ಅಕ್ಕಾ, ಮೇಲೆ ಹೋಗಿದ್ದು ಯಾವ ದಾರೀಲಿ ಇಳಿಯುತ್ತೆ?”

ಅವಳ ತಲೆಯನ್ನೂ ಅದೇ ಕೊರೆಯುತ್ತಿತ್ತು. ಕುಕ್ಕರಿಸಿ ಕೂತು, ತಾನೇ ಬಿಗಿದ ಗಂಟನ್ನು ತಾನೇ ಬಿಚ್ಚತೊಡಗಿದಳು. ಕಣ್ಣು ಮಂಜಾಗಿ ಗಂಟು ಸರಿಯಾಗಿ ಕಾಣಲಿಲ್ಲ. ಅವನ ಬೂಟು ತೆಗೆದು ಮುಂದಿಟ್ಟು ಕೇಳಿದಳು.

“ಆ ದಾರಿ ಹುಡುಕೋಕೆ ನಾನೂ ಬರ್ಲಾ?”