ಪಟ್ಟಲದಮ್ಮನ ದುಡ್ಡಿಗೆ ಮನೆ ನೋಡಿದ್ದು

ಹೊಂಬಾಳಮ್ಮ ಹರಕೆ ಹೊತ್ತದ್ದು ಮಗಳು ಕವಿತಳ ಹೆರಿಗೆಗೆ. ಮದುವೆಯಾಗಿ ಎಷ್ಟೋ ವರ್ಷ ಕಾದು ಬಸುರಾದ ಮಗಳು. ತಾಯಿ ಮಗು ಕ್ಷೇಮವಾಗಿ ಮನೆಗೆ ಬಂದರೆ ಕೊಟ್ಟಿಗೆಯ ಎಮ್ಮೆಗರುವನ್ನು ಸಾಕಿ ಮಾರಿ, ಬಂದ ದುಡ್ಡನ್ನು ಹೆತ್ತವರಿಲ್ಲದ ಮಕ್ಕಳ ಊಟಕ್ಕೆ ಕೊಡುತ್ತೇನೆ ಎಂದು ದುದ್ದದ ಪಕ್ಕದ ತಮ್ಮೂರಿನ ಪಟ್ಟಲದಮ್ಮನ ಮುಂದೆ ಕೈಮುಗಿದಿದ್ದಳು. ಅಮ್ಮ ನಡೆಸಿಕೊಟ್ಟಳು. ಮೊಮ್ಮಗಳು ಈಗ ಅಂಗಳದ ತುಂಬ ಓಡಾಡುತ್ತಾಳೆ. ಕರು ಬೆಳೆದು ಮಾರಾಟವಾಗಿ, ದುಡ್ಡು ಅರಿಸಿನದ ಬಟ್ಟೆಯೊಳಗೆ ದೇವರ ಗೂಡಿನಲ್ಲಿ ಕೂತಿದೆ.

ಆ ದುಡ್ಡು ಮಗುವಿನ ತಟ್ಟೆ ಮುಟ್ಟಬೇಕು. ದಾರಿಯಲ್ಲಿ ಯಾರೋ ತಿಂದರೆ ಹರಕೆ ತೀರಲಿಲ್ಲ ಅಂತಲೇ ಅರ್ಥ. ಆಮೇಲೆ ಅಮ್ಮನ ಮುಂದೆ ಯಾವ ಮುಖ ಹೊತ್ತು ನಿಲ್ಲುವುದು?

ಸುದ್ದಿ ತಿಳಿದ ಒಬ್ಬಾತ ಅನಾಥಾಶ್ರಮದವನು ಎಂದುಕೊಂಡು, ಮಕ್ಕಳ ಬಣ್ಣದ ಫೋಟೋ ಹಿಡಿದು ಮನೆಗೇ ಬಂದಿದ್ದ. "ನೂರು ರೂಪಾಯ್ಲಿ ಊಟಕ್ಕೆಷ್ಟು ಓಯ್ತದಪ್ಪ?" ಎಂದರೆ, "ಅದೆಲ್ಲ ಆನ್‌ಲೈನಲ್ಲಿದೆ ಅಮ್ಮ" ಎಂದ. "ಬಂದು ನೋಡ್ತೀನಿ, ಎಲ್ಲದೆ ನಿಮ್ಮಾಶ್ರಮ?" ಎಂದರೆ, "ಈಗ ಜಾಗ ಬದಲಾಯಿಸ್ತಾ ಇದ್ದೀವಿ" ಎಂದ. ಹೊಂಬಾಳಮ್ಮ ಅವನಿಗೆ ಒಂದು ಲೋಟ ಮಜ್ಜಿಗೆ ಕೊಟ್ಟು ಕಳಿಸಿದಳು.

"ಸುಮ್ಕೆ ಹುಂಡಿಗೆ ಹಾಕ್ಬುಡು ಅತ್ಗೆ" ಎಂದ ಮೈದುನ ಹುಚ್ಚೀರಯ್ಯ.

"ಹೆಣ್ ಕೊಡೋಕ್ ಮುಂಚೆ ಮನೆ ನೋಡಲ್ವಾ? ಇದೂ ಅಂಗೇ ಕಣಪ್ಪ. ಮದ್ದೂರಲ್ಲಿ ಒಂದ್ ಮಕ್ಕಳ ಮನೆ ಅದಂತೆ, ಕವಿತ ಯೋಳವ್ಳೆ. ಎದ್ದೇಳು, ಓಗ್ಬರಾನ."

ಮಂಡ್ಯದಲ್ಲಿ ರೈಲು ಹತ್ತಿ ಇಬ್ಬರೂ ಮದ್ದೂರಿಗೆ ಬಂದಿಳಿದರು. ಸಂಬಂಧ ನೋಡುವ ಹಿರಿಯರ ರಿವಾಜಿನಂತೆ ಹೊಂಬಾಳಮ್ಮ ನೇರ ಆ ಮನೆಗೆ ಹೋಗದೆ ಮೊದಲು ಅಕ್ಕಪಕ್ಕ ವಿಚಾರಿಸಲು ಹೊರಟಳು. ಎದುರು ಮನೆಯ ಅಂಕಮ್ಮ ನಲ್ಲಿಯಲ್ಲಿ ನೀರು ಹಿಡಿಯುತ್ತಿದ್ದಳು. ಅವಳ ಪಕ್ಕ ನಿಂತು ಮೆಲ್ಲಗೆ ಕೇಳಿದಳು: "ಮಕ್ಕಳ ಮನೆ ನಡ್ಸೋ ಹುಡ್ಗಿ ಎಂಗವ್ವ? ಕೈ ಬಾಯಿ ಸುದ್ದವಾ? ಸಾಲ ಸೋಲ ಏನಾರಾ?"

ಅಂಕಮ್ಮನ ಕಣ್ಣು ಅರಳಿತು. "ವೀಣನ್ನಾ ಕೇಳ್ತಿರೋದು? ಬಂಗಾರದಂತ ಹುಡ್ಗಿ ಕಣವ್ವ!" ಎಂದವಳೇ ಕೊಡವನ್ನು ನಲ್ಲಿಯಡಿಯೇ ಬಿಟ್ಟು ಮಕ್ಕಳ ಮನೆಯ ಹಿತ್ತಲ ಕಡೆಗೆ ಓಡಿದಳು.

ಬೀದಿ ಕೊನೆಯ ದಿನಸಿ ಅಂಗಡಿಯ ಮರಿಸಿದ್ದಯ್ಯ ಮಾತ್ರ ಅದೇ ಪ್ರಶ್ನೆಗೆ ದನಿ ತಗ್ಗಿಸಿದ. "ನಿಮ್ ಒಳ್ಳೇದ್ಕೆ ಯೋಳ್ತೀನಿ, ಬ್ಯಾಡಿ ಕಣಮ್ಮ. ಮಾಲು ತಗಳಾಕ್ ಮುಂಚೆ ಮೂರ್ ಅಂಗ್ಡೀಲಿ ರೇಟ್ ಕೇಳ್ತಾಳೆ. ನನ್ ತಕ್ಕಡೀಲಿ ತೂಗ್ಸಿದ್ ಬೇಳೆನ ಮನೇಲಿ ಇನ್ನೊಂದಪ ತೂಗ್ತಾಳೆ. ಬಿಲ್ಲಿಲ್ದೆ ಬೆಂಕಿಪೊಟ್ಣನೂ ಮುಟ್ಟಲ್ಲ. ಯಾರೋ ದೊಡ್ ಮನುಸ ದುಡ್ ತಂದು, ರಸೀತಿ ಬ್ಯಾಡ ಬುಡವ್ವ ಅಂದ್ರೆ, ದುಡ್ಡೂ ಬ್ಯಾಡ ಅಂತ ವಾಪಸ್ ಕಳ್ಸುದ್ಲು. ಇಂತೋಳು ಸೊಸೆಯಾಗ್ ಬಂದ್ರೆ ನಿಮ್ಮನೇಲಿ ಉಸ್ರಾಡಕ್ಕಾಯ್ತದಾ?"

ಸೊಸೆ! ಇವರು ಹೆಣ್ಣು ನೋಡಲು ಬಂದವರು ಎಂದುಕೊಂಡಿದ್ದಾನೆ. ಹುಚ್ಚೀರಯ್ಯ ಬಾಯಿ ತೆರೆದ. ಹೊಂಬಾಳಮ್ಮ ಅವನ ಕಾಲು ತುಳಿದಳು.

"ಇನ್ನೂ ಯೋಳಪ್ಪ. ಇನ್ನೇನೇನ್ ಕೆಟ್ ಬುದ್ದಿ ಅವೆ?"

"ಇದನ್ನೆಲ್ಲಾ ಗೇಟಿನ ಬೋರ್ಡಲ್ಲಿ ಬರೀತಾಳೆ! ನಾನ್ ಬೇಳೆ ಎಷ್ಟ್ಕೆ ಕೊಟ್ಟೆ ಅಂತ ಬೀದಿಗೆಲ್ಲಾ ಗೊತ್ತು."

ಹೊಂಬಾಳಮ್ಮನಿಗೆ ಮನೆದೇವರೇ ಈ ಅಂಗಡಿಯಲ್ಲಿ ಕೂತು ಮಾತಾಡಿದ ಹಾಗಿತ್ತು.

ಗೇಟಿನ ಬೋರ್ಡನ್ನು ಅವಳು ಅಕ್ಷರ ಕೂಡಿಸಿಕೊಂಡು ನಿಧಾನವಾಗಿ ಓದಿದಳು. ಆ ತಿಂಗಳು ಬಂದದ್ದು, ಖರ್ಚಾದದ್ದು, ಉಳಿದದ್ದು. ಅಕ್ಕಿ, ಬೇಳೆ, ಶಾಲೆ ಫೀಸು, ಕರೆಂಟು. ಕೆಳಗೆ ವೀಣಳ ಸಂಬಳ.

"ಸೇವೆ ಅಂತಾರೆ, ಸಂಬಳನೂ ತಗತಾಳಲ್ಲ!" ಹುಚ್ಚೀರಯ್ಯ ಗೊಣಗಿದ.

"ಪೂಜೆ ಮಾಡೋ ಅಯ್ನೋರ್ಗೂ ಹೊಟ್ಟೆ ಇಲ್ವಾ? ಮುಚ್ಚಿಟ್ಟಿದ್ರೆ ಕೇಳ್ಬೇಕಿತ್ತು. ಬರ್ದವ್ಳಲ್ಲ."

ಬಾಗಿಲು ತೆರೆಯಿತು. ಕಾಫಿ ತಟ್ಟೆ ಹಿಡಿದು ನಿಂತಿದ್ದಳು ವೀಣ. ತಲೆಯಲ್ಲಿ ಅವಸರಕ್ಕೆ ಮುಡಿಸಿದ ಮೊಳ ಮಲ್ಲಿಗೆ, ಮುಖ ಕೆಂಪು. ಹಿಂದೆ ಅಂಕಮ್ಮ ಹಲ್ಲು ಕಿರಿಯುತ್ತಿದ್ದಳು.

"ನೋಡಿಯಮ್ಮ, ನನಗೀಗ ಮದುವೆ ಯೋಚನೆ ಇಲ್ಲ. ಇವರು ಬಲವಂತವಾಗಿ ಹೂ ಮುಡಿಸಿದ್ರು. ಕಾಫಿ ಕುಡಿದು ಹೋಗಿ."

ಹೊಂಬಾಳಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಹುಡ್ಗಿ ನೋಡೋಕ್ ಬಂದೋಳಲ್ಲ ಕಣವ್ವ. ಪಟ್ಟಲದಮ್ಮನ ದುಡ್ಗೆ ಮನೆ ನೋಡೋಕ್ ಬಂದೋಳು." ಹರಕೆಯ ಕತೆಯನ್ನೆಲ್ಲ ಹೇಳಿದಳು. ಕೇಳುತ್ತ ಕೇಳುತ್ತ ವೀಣಳೂ ನಗತೊಡಗಿದಳು.

ಆಡಿಟರ್ ಸಹಿ ಮಾಡಿದ ವರ್ಷದ ಲೆಕ್ಕ ತಂದು ಮುಂದಿಟ್ಟಳು. ನೂರರಲ್ಲಿ ಊಟಕ್ಕೆಷ್ಟು, ಓದಿಗೆಷ್ಟು, ಬಾಡಿಗೆಗೆಷ್ಟು ಎಂದು ಬಿಡಿಸಿ ಹೇಳಿದಳು. "ಈ ವರ್ಷ ಔಷಧಿ ಖರ್ಚು ಅಂದುಕೊಂಡಿದ್ದಕ್ಕಿಂತ ಜಾಸ್ತಿಯಾಯ್ತಮ್ಮ. ಅದನ್ನೂ ಬರೆದಿದ್ದೀವಿ."

ಒಳಕೋಣೆಯಲ್ಲಿ ಮಕ್ಕಳ ಗಲಾಟೆ ಕೇಳುತ್ತಿತ್ತು. ಹುಚ್ಚೀರಯ್ಯ ಇಣುಕಲು ಹೋದ. ವೀಣ ತಡೆದಳು. "ಅಡುಗೆಮನೆ ನೋಡಿ, ಉಗ್ರಾಣ ನೋಡಿ. ಮಕ್ಕಳನ್ನ ಮಾತ್ರ ಯಾರಿಗೂ ತೋರಿಸೋಕಿಟ್ಟಿಲ್ಲ ಯಜಮಾನ್ರೆ." ಆ ಮಾತಿಗೇ ಹೊಂಬಾಳಮ್ಮ ಅರಿಸಿನದ ಗಂಟು ಬಿಚ್ಚಿದಳು.

"ರಸೀತಿಗೆ ಯಾರ ಹೆಸರು ಬರೀಲಿ?"

"ಪಟ್ಟಲದಮ್ಮ ಅಂತ ಬರಿಯವ್ವ. ಅವಳ ದುಡ್ಡು."

ವೀಣಳ ಪೆನ್ನು ನಿಂತಿತು. "ಆಗಲ್ಲಮ್ಮ. ಕೊಟ್ಟವರ ಹೆಸರು, ಊರು ಇಲ್ದೆ ನಾನು ತಗೊಳ್ಳಲ್ಲ."

"ಮರಿಸಿದ್ದಯ್ಯ ಯೋಳಿದ್ದು ಸುಳ್ಳಲ್ಲ ಕಣತ್ಗೆ!" ಎಂದ ಹುಚ್ಚೀರಯ್ಯ.

ಹರಕೆ ಸಲ್ಲಿಸಿ ಹೆಸರು ಹಾಕಿಸಿಕೊಳ್ಳುವುದು ಹೊಂಬಾಳಮ್ಮನಿಗೆ ಒಗ್ಗದು. ಹೆಸರಿಲ್ಲದ ದುಡ್ಡು ವೀಣಳಿಗೆ ಒಗ್ಗದು. ಕೊನೆಗೆ ರಸೀತಿ ಹೊಂಬಾಳಮ್ಮನ ಹೆಸರಿಗಾಯಿತು. ಗೇಟಿನ ಬೋರ್ಡಿನಲ್ಲಿ ವೀಣ ಸೀಮೆಸುಣ್ಣದಿಂದ ದುಂಡಗೆ ಬರೆದಳು: 'ಪಟ್ಟಲದಮ್ಮನ ಹರಕೆ, ಮಕ್ಕಳ ಊಟಕ್ಕೆ.' ಹೊಂಬಾಳಮ್ಮ ಬೀದಿಯಲ್ಲೇ ಚಪ್ಪಲಿ ಬಿಟ್ಟು ಆ ಅಕ್ಷರಗಳಿಗೆ ಕೈಮುಗಿದಳು. ಒಳಗೆ ತಟ್ಟೆ ಹಾಕುವ ಸದ್ದು ಶುರುವಾಗಿತ್ತು.

ವಾಪಸ್ ರೈಲಿನಲ್ಲಿ ಹುಚ್ಚೀರಯ್ಯ ಕಿವಿಗೆ ಸಿಕ್ಕಿಸಿದ್ದ ಬೀಡಿಯನ್ನು ತೆಗೆದು ನೋಡಿ ಮತ್ತೆ ಸಿಕ್ಕಿಸಿಕೊಂಡ. ಆಮೇಲೆ ಮೆಲ್ಲಗೆ, "ಅತ್ಗೆ, ನನ್ ಮಗ ಸಂತೋಷಂಗೆ ಆ ಹುಡ್ಗೀನ ಕೇಳುದ್ರೆ ಎಂಗೆ?" ಎಂದ.

"ಅಂಗಾರೆ ಅವ್ಳು ನಮ್ಮನೆ ನೋಡೋಕ್ ಬರ್ಬೇಕಾಯ್ತದೆ. ಮೊದ್ಲು ನಿನ್ ಲೆಕ್ಕ ಬಾಗ್ಲಲ್ಲಿ ಬರ್ದಾಕು. ಬೀಡಿದೂ ಸೇರ್ಸಿ."

ಹುಚ್ಚೀರಯ್ಯ ಕಿಟಕಿ ಕಡೆ ತಿರುಗಿದ. ಹನಕೆರೆ ಸ್ಟೇಷನ್ ಬಂತು. ಹೊಂಬಾಳಮ್ಮ ಬರಿದಾದ ಅರಿಸಿನದ ಬಟ್ಟೆಯನ್ನು ಮಡಿಸಿ, ಕಣ್ಣಿಗೊತ್ತಿ, ಸೊಂಟಕ್ಕೆ ಸಿಕ್ಕಿಸಿಕೊಂಡಳು.